ತರಗತಿಯ ತುಂಟಾಟ: ಬೆತ್ತಕ್ಕಿಂತ ಕಥೆ ಮೇಲು

ಅಹಮದಾಬಾದ್: ಮಣಿನಗರದ ಕನ್ನಡಿಗರ ಮನೆಯ ಮಗು ಶಾಲೆಗೆ ಸೇರುವ ಹೊತ್ತಿಗೆ ಅದರ ಕಿವಿಗೆ ನಾಲ್ಕೈದು ಭಾಷೆಗಳು ಬಿದ್ದಿರುತ್ತವೆ. ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಸೊಸೈಟಿಯಲ್ಲಿ ಗುಜರಾತಿ, ಟಿ.ವಿ.ಯಲ್ಲಿ ಹಿಂದಿ, ಪಾಠ ಬಹುತೇಕ ಇಂಗ್ಲಿಷಿನಲ್ಲಿ. ಗುಜರಾತ್ ವಿಧಾನಸಭೆ 2023ರಲ್ಲಿ ಅಂಗೀಕರಿಸಿದ ಕಾಯ್ದೆಯಂತೆ 1ರಿಂದ 8ನೇ ತರಗತಿವರೆಗೆ ಗುಜರಾತಿ ಕಲಿಕೆಯೂ ಕಡ್ಡಾಯ.

ಪಾಠ ಅರ್ಥವಾಗದ ಮಗು ಸುಮ್ಮನೆ ಕುಳಿತಿರುವುದಿಲ್ಲ. ಪಕ್ಕದವನನ್ನು ಚಿವುಟುತ್ತದೆ, ಎದ್ದು ಓಡಾಡುತ್ತದೆ. ಡೈರಿಯಲ್ಲಿ ‘ತುಂಬಾ ತುಂಟ’ ಎಂಬ ದೂರು ಬರುತ್ತದೆ, ಮನೆಯಲ್ಲಿ ಏಟು ಬೀಳುತ್ತದೆ. ಮಗು ಹಾಗೇಕೆ ಮಾಡಿತು ಎಂದು ಕೇಳುವವರು ಕಡಿಮೆ.

ಹಾಗೆ ಕೇಳಿದವರೊಬ್ಬರು ಈ ಗುಜರಾತಿನಲ್ಲೇ ಇದ್ದರು. ವಕೀಲಿ ವೃತ್ತಿ ಬಿಟ್ಟು ಶಿಕ್ಷಕರಾದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದರು. ಗುಜರಾತಿಗಳು ಅವರನ್ನು ಪ್ರೀತಿಯಿಂದ ‘ಮೀಸೆಯುಳ್ಳ ಅಮ್ಮ’ ಎಂದು ಕರೆದರು. ಅವರ ‘ದಿವಾಸ್ವಪ್ನ’ ಕೃತಿಯ ಶಿಕ್ಷಕ ನಾಲ್ಕನೇ ತರಗತಿಯಲ್ಲಿ ಮೊದಲ ದಿನ ಮಕ್ಕಳನ್ನು ಮೌನವಾಗಿ ಕೂರಿಸಲು ಹೋಗಿ ಸೋಲುತ್ತಾನೆ. ಮರುದಿನ ಕಥೆ ಹೇಳತೊಡಗುತ್ತಾನೆ, ಗದ್ದಲ ತಾನಾಗಿ ಅಡಗುತ್ತದೆ. ಕಥೆಯ ಬೆನ್ನಿಗೆ ಆಟ, ಹಾಡು, ಪುಸ್ತಕ ಬರುತ್ತವೆ. ಮನಸ್ಸಿಗೆ ಕೆಲಸ ಸಿಕ್ಕರೆ ಕೈಕಾಲಿನ ಕಿತಾಪತಿ ಕಡಿಮೆಯಾಗುತ್ತದೆ ಎಂಬುದೇ ಅದರ ಸಾರ.

ಅಮೆರಿಕದಲ್ಲಿ 1969ರಲ್ಲಿ ಪ್ರಕಟವಾದ ಪ್ರಯೋಗವೊಂದೂ ಇಲ್ಲಿ ಉಲ್ಲೇಖನೀಯ. ಅಲ್ಲಿ ನಾಲ್ಕನೇ ತರಗತಿಯನ್ನು ಎರಡು ತಂಡಗಳಾಗಿ ಮಾಡಿ, ನಿಯಮ ಮುರಿದಾಗಲೆಲ್ಲ ಆ ತಂಡದ ಹೆಸರಿಗೆ ಬೋರ್ಡಿನಲ್ಲಿ ಗೀಟು ಹಾಕಲಾಯಿತು. ಕಡಿಮೆ ಗೀಟಿನ ತಂಡಕ್ಕೆ ಸಾಲಿನಲ್ಲಿ ಮೊದಲ ಸ್ಥಾನ, ಹೆಚ್ಚಿನ ಬಿಡುವಿನಂಥ ಬಹುಮಾನ. ಎರಡೂ ತಂಡ ಗೆಲ್ಲಲು ಅವಕಾಶವಿತ್ತು. ಗಲಾಟೆ ಗಣನೀಯವಾಗಿ ತಗ್ಗಿತು.

ನಮ್ಮ ದೇಶದಲ್ಲಿ ಏಟಿಗೆ ಕಾನೂನಿನ ಬೆಂಬಲವೂ ಇಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಪಾಲಕರ ಹೊಣೆಯೂ ಕಡಿಮೆಯಲ್ಲ. ದೂರು ಬಂದಾಗ ಮೊದಲು ನೋಡಬೇಕಾದದ್ದು ಮಗುವಿನ ಕಣ್ಣು, ಕಿವಿ ಮತ್ತು ನಿದ್ದೆಯನ್ನು. ಹಲಗೆಯ ಅಕ್ಷರ ಕಾಣದ ಮಗುವೂ ತುಂಟನೆನಿಸಿಕೊಳ್ಳಬಹುದು. ಹೋಟೆಲ್ ಮುಚ್ಚಿ ತಡವಾಗಿ ಮನೆ ಸೇರುವ ತಂದೆಗಾಗಿ ಎಚ್ಚರವಿರುವ ಮಗು ಬೆಳಗ್ಗೆ ತರಗತಿಯಲ್ಲಿ ಸಿಡುಕುವುದು ಸಹಜ. ಮನೆಯಲ್ಲಿ ಯಾವ ಭಾಷೆ ಆಡುತ್ತೇವೆಂದು ಟೀಚರಿಗೆ ತಿಳಿಸುವುದೂ ಅಗತ್ಯ. ‘ಜಾಣ’ ಎಂದು ಸುಮ್ಮನೆ ಹೊಗಳುವ ಬದಲು ‘ಇವತ್ತು ನಿನ್ನ ಸರದಿಗೆ ಕಾದೆಯಲ್ಲ’ ಎಂದರೆ ಮಗುವಿಗೆ ತಾನು ಮಾಡಿದ ಒಳ್ಳೆಯ ಕೆಲಸ ಯಾವುದೆಂದು ತಿಳಿಯುತ್ತದೆ.

ಊರಲ್ಲಾದರೆ ಕಥೆ ಹೇಳಲು ಅಜ್ಜಿ ಇರುತ್ತಿದ್ದರು. ಹೊರನಾಡಿನಲ್ಲಿ ಆ ಜಾಗವನ್ನು ಕನ್ನಡ ಸಂಘಗಳು ತುಂಬಬಹುದು. ಭಾನುವಾರ ಒಂದು ಗಂಟೆ ಹಿರಿಯರು ಕನ್ನಡದಲ್ಲಿ ಕಥೆ ಹೇಳಿದರೆ ಮಕ್ಕಳಿಗೆ ಭಾಷೆಯೂ ಉಳಿದೀತು, ಕುಳಿತು ಕೇಳುವ ಅಭ್ಯಾಸವೂ ಬಂದೀತು. ಒಮ್ಮೆ ಅಂಟಿದ ‘ತುಂಟ’ ಎಂಬ ಹಣೆಪಟ್ಟಿ ಬೇಗ ಕಳಚುವುದಿಲ್ಲ. ಅದು ಅಂಟುವ ಮೊದಲೇ ಹಿರಿಯರು ಮಗುವಿನ ಪಕ್ಕ ಕುಳಿತುಕೊಳ್ಳಬೇಕಾಗಿದೆ.