ಕೆಸರಿನಲ್ಲಿ ಓಟ

ಓಟದ ಸ್ಪರ್ಧೆಯೆಂದೊಡನೆ ಸುಣ್ಣದ ಗೆರೆಯೆಳೆದ ಸಮತಟ್ಟಾದ ಮೈದಾನವು ಕಣ್ಣಮುಂದೆ ಬರುತ್ತದೆ. ಗುಡ್ಡಗಾಡು ಓಟಕ್ಕೆ ಅಂತಹ ಅನುಕೂಲವಿಲ್ಲ. ಹುಲ್ಲು, ಏರು, ಇಳಿಜಾರು, ಹಳ್ಳ, ಕೆಸರು ಇವುಗಳಲ್ಲಿ ಯಾವುದು ಎದುರಾದರೂ ದಾಟಿ ಓಡಬೇಕು. ಇಂಗ್ಲೆಂಡಿನ ಮೊದಲ ರಾಷ್ಟ್ರೀಯ ಸ್ಪರ್ಧೆಯು 1876ರಲ್ಲಿ ಎಪಿಂಗ್ ಕಾಡಿನಲ್ಲಿ ನಡೆದಾಗ ಓಟಗಾರರೆಲ್ಲ ದಾರಿ ತಪ್ಪಿದರು, ಸ್ಪರ್ಧೆಯೇ ರದ್ದಾಯಿತು!

ಅಲ್ಲಿ ಈ ಚಾಂಪಿಯನ್‌ಷಿಪ್ ಚಳಿಗಾಲದ ಕೊನೆಯಲ್ಲಿ ನಡೆಯುವುದು ರೂಢಿ. ಮಳೆನೀರು ಕುಡಿದ ನೆಲವನ್ನು ನೂರಾರು ಕಾಲುಗಳು ತುಳಿದಾಗ ಅದು ನಾಟಿಗೆ ಹದಮಾಡಿದ ಗದ್ದೆಯಂತಾಗುತ್ತದೆ. ಗಟ್ಟಿನೆಲವು ಪಾದದ ಒತ್ತಿಗೆ ಪ್ರತಿಯಾಗಿ ದೇಹವನ್ನು ಮುಂದಕ್ಕೆ ನೂಕುತ್ತದೆ. ಕೆಸರಾದರೋ ಜಾರಿ, ಕುಸಿದು, ಆ ಶಕ್ತಿಯನ್ನು ನುಂಗಿಬಿಡುತ್ತದೆ. ಹೂತ ಪಾದವನ್ನು ಕಿತ್ತೆತ್ತುವುದಕ್ಕೂ ಬಲ ಬೇಕು. ಆದುದರಿಂದ ಇಲ್ಲಿ ನೀಳವಾದ ಹೆಜ್ಜೆ ಸಲ್ಲದು. ಹೆಜ್ಜೆ ಗಿಡ್ಡದಾಗಿ, ಚುರುಕಾಗಿರಬೇಕು. ಪಾದರಕ್ಷೆಯ ಅಡಿಯ ಮುಳ್ಳುಗಳು ಉದ್ದವಾಗಿರಬೇಕು, ದಾರ ಬಿಗಿಯಾಗಿರಬೇಕು. ಇಲ್ಲವಾದರೆ ಕೆಸರು ಪಾದರಕ್ಷೆಯನ್ನೇ ಕಿತ್ತುಕೊಳ್ಳುತ್ತದೆ.

ಹಿಂದಿರುಗಿ ಹುಡುಕುವಷ್ಟರಲ್ಲಿ ಹತ್ತಾರು ಮಂದಿ ಮುಂದೆ ಸಾಗಿರುತ್ತಾರೆ. ಇದು ಅವನೊಬ್ಬನ ನಷ್ಟವಲ್ಲ. ಅಲ್ಲಿನ ಪುರುಷರ ಸ್ಪರ್ಧೆಯಲ್ಲಿ ಪ್ರತಿಯೊಂದು ತಂಡದ ಮೊದಲ ಆರು ಮಂದಿಯ ಸ್ಥಾನಗಳನ್ನು ಕೂಡಿಸುತ್ತಾರೆ. ಮೊತ್ತ ಕಡಮೆಯಾದ ತಂಡಕ್ಕೆ ಜಯ. ಈ ಲೆಕ್ಕವೇ ಈ ಆಟದ ಸೊಗಸೆಂದು ನನ್ನ ಮತ. ತಂಡದ ಮೊದಲಿಗನು ಎರಡನೆಯ ಸ್ಥಾನ ಪಡೆದರೂ ಆರನೆಯವನು ಇನ್ನೂರನೆಯ ಸ್ಥಾನಕ್ಕೆ ಇಳಿದರೆ, ಮೊದಲಿಗನ ಶ್ರಮದ ಫಲ ಕರಗಿಹೋಗುತ್ತದೆ. ವೈಯಕ್ತಿಕ ಪದಕದ ಆಸೆಯೇ ಇಲ್ಲದ ಆ ಆರನೆಯವನು, ಒಂದು ಕಾಲು ಬರಿದಾಗಿದ್ದರೂ, ಮುಂದಿರುವ ಒಬ್ಬನನ್ನಾದರೂ ಹಿಂದಿಕ್ಕಲು ಹೆಣಗುತ್ತಿರುತ್ತಾನೆ.