'ಕಾನ್ಫಿಡೆನ್ಶಿಯಲ್' ಪದದ ವಿವಿಧ ಅರ್ಥಗಳು: ಮಾಹಿತಿ ಕೋರುವ ಅರ್ಜಿದಾರರ ತಿಳಿವಳಿಕೆಗಾಗಿ

ಸರ್ಕಾರಿ ಕಡತ, ಪತ್ರ ಹಾಗೂ ಲಕೋಟೆಗಳ ಮೇಲೆ 'ಕಾನ್ಫಿಡೆನ್ಶಿಯಲ್' ಎಂಬ ಮೊಹರು ಕಂಡುಬರುತ್ತದೆ. ಕನ್ನಡದಲ್ಲಿ ಇದನ್ನು 'ಗೋಪ್ಯ' ಎನ್ನಲಾಗುತ್ತದೆ. ಇಂತಹ ಮೊಹರುಳ್ಳ ದಾಖಲೆಯನ್ನು ಕೋರಲು ಅವಕಾಶವೇ ಇಲ್ಲವೆಂಬ ಭಾವನೆ ಸಾರ್ವಜನಿಕರಲ್ಲಿದೆ. ಆದರೆ ಈ ಪದಕ್ಕೆ ಸಂದರ್ಭಾನುಸಾರ ಬೇರೆ ಬೇರೆ ಅರ್ಥಗಳಿದ್ದು, ಅವುಗಳನ್ನು ಕೆಳಗೆ ವಿವರಿಸಲಾಗಿದೆ.

1. ಭದ್ರತಾ ದರ್ಜೆ: ಕೇಂದ್ರ ಸರ್ಕಾರದ ದಾಖಲೆಗಳಿಗೆ ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಶಿಯಲ್ ಮತ್ತು ರಿಸ್ಟ್ರಿಕ್ಟೆಡ್ ಎಂಬ ನಾಲ್ಕು ಭದ್ರತಾ ದರ್ಜೆಗಳಿವೆ. ಈ ಕ್ರಮದಲ್ಲಿ ಸದರಿ ಪದವು ಮೂರನೆಯ ದರ್ಜೆಯನ್ನು ಮಾತ್ರ ಸೂಚಿಸುತ್ತದೆ.

2. ಕಾಲಮಿತಿಯ ಗೋಪ್ಯತೆ: ಪ್ರಶ್ನೆಪತ್ರಿಕೆಯು ಪರೀಕ್ಷೆ ನಡೆಯುವವರೆಗೆ, ಟೆಂಡರುದಾರರು ನಮೂದಿಸಿದ ದರಗಳು ಟೆಂಡರು ತೆರೆಯುವವರೆಗೆ ಗೋಪ್ಯ. ಆ ಹಂತ ಮುಗಿದ ನಂತರ ಈ ಕಾರಣವು ಉಳಿಯುವುದಿಲ್ಲ.

3. ನಂಬಿಕೆಯಿಂದ ನೀಡಿದ ಮಾಹಿತಿ: ಈ ಪದದ ಲ್ಯಾಟಿನ್ ಮೂಲಕ್ಕೆ 'ನಂಬು' ಎಂಬ ಅರ್ಥವಿದೆ. ಮೂರನೆಯ ವ್ಯಕ್ತಿಯು ಗೋಪ್ಯವೆಂದು ಪರಿಗಣಿಸಿ ಕಚೇರಿಗೆ ಒದಗಿಸಿದ ಮಾಹಿತಿಯನ್ನು ನೀಡಲು ಉದ್ದೇಶಿಸಿದಲ್ಲಿ, ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕರಣ 11ರಂತೆ ಅರ್ಜಿ ಬಂದ 5 ದಿನಗಳೊಳಗೆ ಅವರಿಗೆ ನೋಟೀಸು ನೀಡಬೇಕು. ಆಕ್ಷೇಪಣೆ ಸಲ್ಲಿಸಲು ಅವರಿಗೆ 10 ದಿನಗಳ ಅವಕಾಶವಿರುತ್ತದೆ.

4. ಮೌಲ್ಯಮಾಪನದ ಗೋಪ್ಯತೆ: ನೌಕರರ ವಾರ್ಷಿಕ ಗೋಪ್ಯ ವರದಿಯ ಪ್ರತಿಯೊಂದು ನಮೂದನ್ನೂ ಸಂಬಂಧಪಟ್ಟ ನೌಕರರಿಗೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪು ನೀಡಿದೆ. ಅಭ್ಯರ್ಥಿಯು ತನ್ನದೇ ಮೌಲ್ಯಮಾಪಿತ ಉತ್ತರಪತ್ರಿಕೆಯನ್ನು ನೋಡಬಹುದೆಂದು ಅದೇ ನ್ಯಾಯಾಲಯ 2011ರಲ್ಲಿ ತಿಳಿಸಿದೆ. ಆದರೆ ಮೌಲ್ಯಮಾಪಕರ ಗುರುತು ಗೋಪ್ಯವಾಗಿಯೇ ಇರತಕ್ಕದ್ದು.

ಕಾನೂನಿನ ಸ್ಥಿತಿ

ಮೊಹರು ಮಾತ್ರವೇ ಅರ್ಜಿಯ ತಿರಸ್ಕಾರಕ್ಕೆ ಆಧಾರವಾಗುವುದಿಲ್ಲ. ಸಾರ್ವಜನಿಕ ಮಾಹಿತಿ ಅಧಿಕಾರಿಯು ಪ್ರಕರಣ 8 ಮತ್ತು 9ರಲ್ಲಿ ಹೇಳಿರುವ ಕಾರಣಗಳಿಗಾಗಿ ಮಾತ್ರ ಮಾಹಿತಿಯನ್ನು ನಿರಾಕರಿಸಬಹುದು. ಅಧಿಕೃತ ರಹಸ್ಯಗಳ ಅಧಿನಿಯಮ 1923ರೊಡನೆ ಅಸಂಗತತೆ ಕಂಡುಬಂದಲ್ಲಿ ಪ್ರಕರಣ 22ರಂತೆ ಮಾಹಿತಿ ಹಕ್ಕು ಅಧಿನಿಯಮವೇ ಮೇಲುಗೈ ಪಡೆಯುತ್ತದೆ. ದಾಖಲೆಯ ಒಂದು ಭಾಗ ಮಾತ್ರ ವಿನಾಯಿತಿಗೆ ಒಳಪಟ್ಟಿದ್ದರೆ, ಬೇರ್ಪಡಿಸಬಹುದಾದ ಉಳಿದ ಭಾಗವನ್ನು ಪ್ರಕರಣ 10ರನ್ವಯ ಒದಗಿಸಬಹುದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ತಿರಸ್ಕಾರದ ಪತ್ರದಲ್ಲಿ ಕಾರಣ, ಮೇಲ್ಮನವಿಯ ಅವಧಿ ಹಾಗೂ ಮೇಲ್ಮನವಿ ಪ್ರಾಧಿಕಾರದ ವಿವರ ಇರಬೇಕು. 'ಗೋಪ್ಯ' ಎಂದಷ್ಟೇ ನಮೂದಿಸಿದ್ದಲ್ಲಿ, ಯಾವ ಪ್ರಕರಣದಡಿ ಎಂದು ಲಿಖಿತವಾಗಿ ಕೇಳಬಹುದು.

• ನಿರ್ಧಾರ ತಲುಪಿದ 30 ದಿನಗಳೊಳಗೆ ಪ್ರಥಮ ಮೇಲ್ಮನವಿಯನ್ನು, ಅದರ ಆದೇಶ ತಲುಪಿದ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿಯನ್ನು ಸಲ್ಲಿಸಬಹುದು.

• ಸಾರ್ವಜನಿಕ ಹಿತಾಸಕ್ತಿಯು ಸಂಭವನೀಯ ಹಾನಿಗಿಂತ ಹೆಚ್ಚಿನದೆಂದು ಅರ್ಜಿದಾರರು ಭಾವಿಸಿದಲ್ಲಿ, ಪ್ರಕರಣ 8(2)ನ್ನು ಉಲ್ಲೇಖಿಸಿ ಮೇಲ್ಮನವಿಯಲ್ಲಿ ಕಾರಣಗಳನ್ನು ವಿವರಿಸುವುದು ಸೂಕ್ತ.