ಗೋಡೆಯ ಮೇಲಿನ ಪಟಗಳೂ ಊರಿನ ದಾಖಲೆಗಳೇ

ಬಿತ್ತನೆಗೆ ಮುಂಚೆ ಭತ್ತದ ಬೀಜವನ್ನು ಉಪ್ಪುನೀರಿನಲ್ಲಿ ತೇಲಿಸಿ ಜೊಳ್ಳು ತೆಗೆಯುವ ಕ್ರಮವನ್ನು ತೋರಿಸಲು ಪಾಂಡವಪುರದ ಒಂದು ಮನೆಗೆ ಹೋಗಿದ್ದೆನು. ನಡುಮನೆಯ ಗೋಡೆಯಲ್ಲಿ ದೇವರ ಪಟಗಳ ಸಾಲಿನ ಕೊನೆಗೆ ಕಟ್ಟು ಹಾಕಿಸಿದ ಒಂದು ಹಳೆಯ ಫೋಟೋ ಇತ್ತು. ಪೇಟ ಸುತ್ತಿದ ಯಜಮಾನರು ಕುರ್ಚಿಯಲ್ಲಿ ಕುಳಿತಿದ್ದಾರೆ. ಹಿಂದೆ ನಾಲ್ವರು ಹೆಂಗಸರು ನಿಂತಿದ್ದಾರೆ. ಮನೆಯ ಅಜ್ಜಿ ಮೂವರ ಹೆಸರನ್ನು ಹೇಳಿದರು. ನಾಲ್ಕನೆಯವರ ಮೇಲೆ ಬೆರಳಿಟ್ಟು, "ಇವ್ರು ಯಾರೋ ಕಾಣೆ ಕಣಪ್ಪ. ನಮ್ಮತ್ತೆ ಇದ್ದಿದ್ರೆ ಹೇಳೋರು" ಎಂದರು.

ಆ ಹೆಣ್ಣುಮಗಳು ಈ ಮನೆಯಲ್ಲೇ ಬಾಳಿದವಳಿರಬೇಕು, ಈ ಕಣದಲ್ಲೇ ರಾಗಿ ತೂರಿದವಳಿರಬೇಕು. ಮುಖ ಉಳಿದಿದೆ, ಹೆಸರು ಹೋಗಿದೆ. ಬೀಜದ ವಿಚಾರ ಮುಗಿಸಿ ಬಂದೆನಾದರೂ ಈ ಸಂಗತಿ ಮನಸ್ಸಿನಿಂದ ಹೋಗಲಿಲ್ಲ. ಆದ್ದರಿಂದ ಈ ಸಲ ಬೆಳೆಯ ಮಾತು ಬಿಟ್ಟು ಫೋಟೋಗಳ ಮಾತನ್ನು ಬರೆಯುತ್ತಿದ್ದೇನೆ.

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಶ್ರೀರಂಗಪಟ್ಟಣದ ಉತ್ತರಕ್ಕಿರುವ ಈ ಬಂಡೆಗುಡ್ಡಗಳ ಬಳಿ ಬಿಡಾರ ಹೂಡಿದ್ದರಿಂದ ಊರಿಗೆ 'ಫ್ರೆಂಚ್ ರಾಕ್ಸ್', ಎಂದರೆ ಫ್ರೆಂಚರ ಬಂಡೆಗಳು, ಎಂಬ ಹೆಸರು ಬಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೂ ಸರ್ಕಾರಿ ಕಾಗದಗಳಲ್ಲಿ ಅದೇ ಹೆಸರು ನಡೆಯಿತು. ರೈಲು ನಿಲ್ದಾಣವೂ ಬಹುಕಾಲ ಅದನ್ನೇ ಹೊತ್ತಿತ್ತು. ವನವಾಸದಲ್ಲಿ ಪಾಂಡವರು ತಾಯಿ ಕುಂತಿಯೊಡನೆ ಇಲ್ಲಿ ತಂಗಿದ್ದರೆಂಬುದು ಜನರ ನಂಬಿಕೆ. ಕುಂತಿಬೆಟ್ಟದ ಹೆಸರಿಗೂ ಪಾಂಡವಪುರವೆಂಬ ಹೆಸರಿಗೂ ಅದೇ ಮೂಲ.

ದೊಡ್ಡವರ ಚರಿತ್ರೆ ಪುಸ್ತಕಗಳಲ್ಲಿದೆ. 1771ರಲ್ಲಿ ಇದೇ ತಾಲ್ಲೂಕಿನ ಚಿನಕುರಳಿಯ ಬಳಿ ಮರಾಠರು ಹೈದರಾಲಿಯ ಸೈನ್ಯವನ್ನು ಸೋಲಿಸಿದರೆಂದು ಶಾಲೆಯ ಹುಡುಗನೂ ಓದಿ ತಿಳಿಯಬಹುದು. ಆದರೆ ನಾಲೆ ಬರುವ ಮುಂಚೆ ನಮ್ಮವರು ಏನು ಬೆಳೆದರು, ಮನೆಗೆ ಹೆಂಚು ಯಾವಾಗ ಬಂತು, ಮೊದಲು ಶಾಲೆಗೆ ಹೋದ ಹೆಣ್ಣುಮಗಳು ಯಾರು ಎಂಬುದನ್ನು ಯಾರು ಬರೆದಿಟ್ಟರು? ಅದು ಗೋಡೆಯ ಮೇಲಿದೆ, ಪೆಟ್ಟಿಗೆಯ ತಳದಲ್ಲಿದೆ.

ಫೋಟೋದ ಕಾಲವನ್ನು ಗೊತ್ತುಮಾಡುವುದು ಕಷ್ಟವೇನಲ್ಲ. ಮೊದಲು ಹಿಂಬದಿಯನ್ನೂ ಕೆಳಗಿನ ರಟ್ಟನ್ನೂ ನೋಡಬೇಕು. ಫ್ರೆಂಚ್ ರಾಕ್ಸ್ ಎಂಬ ಮೊಹರಿದ್ದರೆ ಅದು ಹೊಸ ಹೆಸರಿಗೆ ಹಿಂದಿನದು. ಕೈಬರಹವಾದರೆ ಮಾತ್ರ ಸ್ವಲ್ಪ ಎಚ್ಚರ ಬೇಕು. ಹೆಸರು ಬದಲಾದ ಮೇಲೂ ಹಳಬರು ಹಳೆಯದನ್ನೇ ಬರೆಯುತ್ತಾರೆ. ವಿಳಾಸದಲ್ಲಿ ಮೈಸೂರು ಜಿಲ್ಲೆ ಎಂದಿದ್ದರೆ 1939ಕ್ಕೆ ಮುಂಚಿನದೆಂದು ಎಣಿಸಬಹುದು. ಮಂಡ್ಯ ಜಿಲ್ಲೆಯಾದದ್ದು ಆ ವರ್ಷ. ಕಟ್ಟು ಹಾಕಿಸಿದ ಚೀಟಿಯಲ್ಲಿ ರೂಪಾಯಿ, ಆಣೆ, ಕಾಸಿನ ಲೆಕ್ಕವಿದ್ದರೆ ಅದು ಬಹುಮಟ್ಟಿಗೆ 1957ರಲ್ಲಿ ನಯಾಪೈಸೆ ಬರುವುದಕ್ಕೆ ಹಿಂದಿನದು. ಆರು ಅಂಕಿಯ ಪಿನ್ ಸಂಖ್ಯೆ ಇದ್ದರೆ 1972ರ ಈಚಿನದು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರಿನಲ್ಲಿ.

ಇನ್ನು ಫೋಟೋದ ಒಳಗೆ ನೋಡಿರಿ. ರೈತನಿಗೆ ಪಂಡಿತನಿಗಿಂತ ಹೆಚ್ಚು ಕಾಣುವುದು ಇಲ್ಲಿಯೇ. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಮೊದಲಾಗಿ 1930ರ ಸುಮಾರಿಗೆ ಮುಗಿಯಿತು. ಅದರ ದೊಡ್ಡ ನಾಲೆಗೆ ಮೊದಲು ವೈಸರಾಯಿ ಇರ್ವಿನ್ನರ ಹೆಸರಿತ್ತು. ಬಳಿಕ ವಿಶ್ವೇಶ್ವರಯ್ಯನವರ ಹೆಸರಾಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ಅಲ್ಲಿಂದ ಮುಂದೆ ಹೊಲದ ಚಹರೆಯೇ ಬೇರೆ. ಮನೆಯ ಹಿಂದೆ ಬರೀ ರಾಗಿ ಮೆದೆ ಕಂಡರೆ ಒಂದು ಕಾಲ, ಕಬ್ಬು ತುಂಬಿದ ಗಾಡಿ ಕಂಡರೆ ಇನ್ನೊಂದು ಕಾಲವೆಂದು ಊಹಿಸಬಹುದು. ಊಹೆಯೆಂದೇ ಹೇಳುತ್ತೇನೆ; ಕಾವೇರಿಯ ಹಳೆಯ ಅಣೆಕಟ್ಟೆಗಳ ಕಾಲುವೆಗಳಿಂದ ಕೆಲವು ಗ್ರಾಮಗಳಲ್ಲಿ ಮೊದಲೇ ಭತ್ತವೂ ಕಬ್ಬೂ ಬೆಳೆಯುತ್ತಿದ್ದವು. ಗಾಣಕ್ಕೆ ಎತ್ತು ಕಟ್ಟಿದೆಯೋ ಯಂತ್ರವಿದೆಯೋ ನೋಡಿರಿ. ಮಣ್ಣಿನ ಮಾಳಿಗೆಯೋ ಹೆಂಚಿನ ಸೂರೋ ನೋಡಿರಿ. ಎತ್ತಿನ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೋಗಳಲ್ಲಿ ಎತ್ತಿನ ಹೆಸರು ಎಲ್ಲರಿಗೂ ನೆನಪಿರುತ್ತದೆ, ಪಕ್ಕದ ಆಳಿನ ಹೆಸರು ನೆನಪಿರುವುದಿಲ್ಲ! ಅದನ್ನೂ ವಿಚಾರಿಸಿ ಬರೆಯಬೇಕು.

ಹಿಂದಿನವರು ಫೋಟೋದಲ್ಲಿ ನಗುವುದಿಲ್ಲವೇಕೆಂದು ಮಕ್ಕಳು ಕೇಳುತ್ತಾರೆ. ಹಳೆಯ ಕ್ಯಾಮರಾದ ಮುಂದೆ ಅಲುಗಾಡದೆ ನಿಲ್ಲಬೇಕಾಗಿತ್ತು. ಅಲುಗಿದರೆ ಮುಖ ಕಲಸಿಹೋಗುತ್ತಿತ್ತು. ಫೋಟೋ ತೆಗೆಸಿದರೆ ಆಯುಸ್ಸು ಕಡಮೆಯಾಗುತ್ತದೆಂಬ ಹೆದರಿಕೆಯೂ ಹಲವರಿಗಿತ್ತು. ಹೀಗಾಗಿ ಕೆಲವು ಹೆಂಗಸರಿಗೆ ಜೀವಮಾನದಲ್ಲಿ ಇರುವುದೇ ಒಂದು ಫೋಟೋ.

ಆ ಒಂದನ್ನು ಹಾಳುಮಾಡುವುದು ಬಹಳ ಸುಲಭ. ನನ್ನ ತಪ್ಪನ್ನೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ತಾತನ ಫೋಟೋದ ಮೇಲೆ ಧೂಳಿದೆಯೆಂದು ಒದ್ದೆ ಬಟ್ಟೆಯಿಂದ ಒರೆಸಿದೆನು. ಧೂಳಿನ ಜೊತೆಗೆ ತಾತನ ಬಲಗೆನ್ನೆಯೂ ಬಟ್ಟೆಗೆ ಬಂತು. ಕಾರಣವೇನೆಂದರೆ, ಕಪ್ಪು-ಬಿಳುಪು ಫೋಟೋದ ಚಿತ್ರ ಕಾಗದದಲ್ಲಿ ಇಂಗಿರುವುದಿಲ್ಲ. ಕಾಗದದ ಮೇಲೆ ಬಳಿದ ಜೆಲಟಿನ್ ಎಂಬ ತೆಳುವಾದ ಪದರದಲ್ಲಿ ಬೆಳ್ಳಿಯ ಸಣ್ಣ ಕಣಗಳಾಗಿರುತ್ತದೆ. ಜೆಲಟಿನ್ ದನಕರುಗಳ ಚರ್ಮ, ಮೂಳೆಗಳಿಂದ ಮಾಡಿದ ಅಂಟು. ನೀರು ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಬೂಷ್ಟಿಗೂ ಹುಳುವಿಗೂ ಅದೇ ಆಹಾರ. ಆದಕಾರಣ ಒಣಗಿದ ಮೃದುವಾದ ಕುಂಚದಿಂದ ಮಾತ್ರ ಧೂಳು ತೆಗೆಯಬೇಕು. ಮಳೆನೀರು ಇಳಿಯುವ ಗೋಡೆ, ಒಲೆಯ ಹೊಗೆ, ಬಿಸಿಲು ಬೀಳುವ ಜಾಗ ಬೇಡ. ಬಣ್ಣದ ಫೋಟೋವಂತೂ ಬಿಸಿಲಿಗೆ ಬೇಗನೆ ಮಾಸುತ್ತದೆ. ಗಾಜಿಗೆ ಅಂಟಿಕೊಂಡಿದ್ದರೆ ಎಳೆದು ಕೀಳಬೇಡಿರಿ. ಗಾಜಿನ ಮೇಲಿಂದಲೇ, ಹಗಲು ಬೆಳಕಿನಲ್ಲಿ, ಮೊಬೈಲಿನ ದೀಪ ಹೊತ್ತಿಸದೆ ಒಂದು ಪ್ರತಿ ತೆಗೆದುಕೊಳ್ಳಿರಿ. ಹರಿದಿದ್ದರೆ ಅಂಟುಪಟ್ಟಿ ಹಚ್ಚಬೇಡಿರಿ. ಪಾಲಾಗುವಾಗ ಹೊಲ, ಪಾತ್ರೆ, ಎತ್ತು ಹಂಚಿಕೊಂಡು ಫೋಟೋ ಯಾರಿಗೆಂದು ಜಗಳವಾದರೆ, ಪ್ರತಿ ತೆಗೆಸಿ ಎಲ್ಲ ಮನೆಗೂ ಕೊಡಬಹುದು. ಒಂದು ಮನೆಯಲ್ಲಿ ಗೆದ್ದಲು ಹಿಡಿದರೂ ಇನ್ನೊಂದರಲ್ಲಿ ಉಳಿಯುತ್ತದೆ.

ಎಲ್ಲಕ್ಕಿಂತ ಅವಸರದ ಕೆಲಸವೆಂದರೆ ಹೆಸರು ಬರೆಯುವುದು. ಕಾಗದ ಇನ್ನೂ ಹತ್ತು ವರ್ಷ ತಡೆದೀತು, ನೆನಪು ತಡೆಯದು. ಹಿರಿಯರನ್ನು ಕೂರಿಸಿಕೊಂಡು ಎಡದಿಂದ ಬಲಕ್ಕೆ ಒಬ್ಬೊಬ್ಬರನ್ನೇ ಕೇಳಿರಿ. "ದೊಡ್ಡಪ್ಪನ ಹೆಂಡತಿ" ಎಂದು ಬರೆದು ನಿಲ್ಲಿಸಬೇಡಿರಿ. ಆಕೆಯ ಹೆಸರು, ತವರೂರು ಎರಡನ್ನೂ ಬರೆಯಿರಿ. ಮೆದುವಾದ ಪೆನ್ಸಿಲಿನಿಂದ ಹಿಂಬದಿಯ ಅಂಚಿನಲ್ಲಿ, ಒತ್ತದೆ ಬರೆಯಬೇಕು. ಶಾಯಿ ಮುಂದಕ್ಕೆ ಇಳಿಯುತ್ತದೆ. ಒತ್ತಿ ಬರೆದ ಗೆರೆ ಮುಖದ ಮೇಲೆ ಏಳುತ್ತದೆ. ಗೊತ್ತಿಲ್ಲದ ಹೆಸರಿನ ಜಾಗವನ್ನು ಖಾಲಿ ಬಿಡಿರಿ, ಅಂದಾಜಿನಿಂದ ತುಂಬಬೇಡಿರಿ.

ಆ ಮನೆಗೆ ಮತ್ತೆ ಹೋದಾಗ ಅಜ್ಜಿಯ ಮೊಮ್ಮಗಳು ಹೆಸರುಗಳನ್ನು ಬರೆದು ತೋರಿಸಿದಳು. ಮೂರು ಹೆಸರು, ನಾಲ್ಕನೆಯ ಜಾಗ ಖಾಲಿ. ಅಜ್ಜಿಯ ನಾದಿನಿಯೊಬ್ಬರು ಮೇಲುಕೋಟೆಯ ಕಡೆ ಇದ್ದಾರಂತೆ. ವೈರಮುಡಿಗೆ ಹೋಗುವಾಗ ಪ್ರತಿಯನ್ನು ಒಯ್ದು ಅವರನ್ನು ಕೇಳುವುದಾಗಿ ಹೇಳಿದರು.